ನಾಲ್ಕನೆಯ ಅರ್ಥ

ಅವಳು ಡ್ರಾಯರನ್ನು ಜೋರಾಗಿ ಎಳೆದಳು. ಅದು ಪೂರ್ತಿ ಕಳಚಿಕೊಂಡು ಬಂದು, ಚೀಟಿಗಳೆಲ್ಲ ನೆಲದ ಮೇಲೆ ಚೆಲ್ಲಿಹೋದವು.

‘ಮೇಜು ಖಾಲಿ ಮಾಡೋಕೆ ಅಷ್ಟು ಅವಸರಾನಾ?’ ಅಂದಳು ಟೈಪಿಸ್ಟ್ ಅಕ್ಕ. ‘ಎದುರು ಕೂರೋರು ಕಚ್ಚಿದ್ರಾ?’

ಎದುರಿನ ಕುರ್ಚಿ ಖಾಲಿಯಿತ್ತು. ಮೂರು ವರ್ಷದಿಂದ ಆ ಕುರ್ಚಿಯವನೂ ಇವಳೂ ಒಂದೇ ಮೇಜಿನಲ್ಲಿ ಕೂತು ನಿಘಂಟಿನ ಕೆಲಸ ಮಾಡುತ್ತಿದ್ದರು. ಅವನು ಪದಗಳಿಗೆ ಉದಾಹರಣೆ ಬರೆಯುವುದು, ಇವಳು ತಿದ್ದುವುದು. ಉದಾಹರಣೆ ಯಾರೋ ನಿಜವಾಗಿ ಆಡಿದ ಮಾತೇ ಆಗಿರಬೇಕೆಂಬುದು ಆಫೀಸಿನ ಕಟ್ಟಪ್ಪಣೆ. ಆಡಿದವರು ಯಾರು, ಎಲ್ಲಿ, ಯಾವಾಗ ಎಂದು ಚೀಟಿಯ ಹಿಂಬದಿ ಬರೆಯಬೇಕು. ಹಿಂಬದಿ ನೋಡುವುದು ದೊಡ್ಡ ಸಂಪಾದಕರ ಕೆಲಸ. ಇವಳು ಎಂದೂ ತಿರುವಿದವಳಲ್ಲ.

ಹೋದ ವಾರ ‘ಕಂಪನಿ’ ಎಂಬ ಇಂಗ್ಲಿಷ್ ಪದದ ಸರದಿ. ವ್ಯಾಪಾರದ ಸಂಸ್ಥೆ, ನಾಟಕದ ತಂಡ, ಸಿಪಾಯಿಗಳ ತುಕಡಿ... ಮೂರು ಅರ್ಥ ಸಲೀಸಾಗಿ ಮುಗಿದವು. ನಾಲ್ಕನೆಯದು, ಜೊತೆ. ಅದಕ್ಕೆ ಅವನು ಬರೆದಿದ್ದ:

‘ಅವಳು ಕಂಪನಿ ಕೊಟ್ಟರೆ ಆರಿಹೋದ ಕಾಫಿಯೂ ರುಚಿ.’

‘ಅವಳ ಕಂಪನಿ ಇದ್ದರೆ ಬಸ್ಸು ತಡವಾದಷ್ಟೂ ಒಳ್ಳೆಯದು.’

ಯಾರವಳು? ಇವಳು ಕೇಳಲಿಲ್ಲ. ಒಂದು ಅಲ್ಪವಿರಾಮ ತಿದ್ದಿ ಚೀಟಿಗಳನ್ನು ಮುಂದಕ್ಕೆ ಕಳಿಸಿದಳು. ಮರುದಿನವೇ, ಇಲ್ಲಿ ಗಲಾಟೆ ಜಾಸ್ತಿ, ಮಹಡಿಯ ಮೇಲಿನ ರೂಮು ಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡಳು. ಅವರು ವಾಪಸ್ ಕಳಿಸಿದ ಚೀಟಿಗಳ ಕಟ್ಟನ್ನು ನೋಡದೆಯೇ ಡ್ರಾಯರಿಗೆ ತುರುಕಿದ್ದಳು.

ಈಗ ಆ ಚೀಟಿಗಳೇ ಬೋರಲು ಬಿದ್ದಿದ್ದವು.

‘ಆಫೀಸಿನ ಮೆಟ್ಟಿಲು. ಅವರು ಚೀಟಿ ತಿದ್ದುತ್ತಾ ಕಾಫಿ ಮರೆತ ದಿನ. ಆಡಿದವರು: ನಾನೇ, ಮನಸ್ಸಿನಲ್ಲಿ.’

‘ಬಸ್ ಸ್ಟಾಪು. ಅವರ ಕೊಡೆ ಮುರಿದ ದಿನ. ಆಡಿದವರು: ನಾನೇ, ಮನಸ್ಸಿನಲ್ಲಿ.’

ಮುರಿದದ್ದು ಇವಳದೇ ಕೊಡೆ... ಮರೆತದ್ದು ಇವಳದೇ ಕಾಫಿ.

ಕೆಳಗೆ ಸಂಪಾದಕರ ಕೆಂಪು ಶಾಯಿ: ‘ಮನಸ್ಸಿನಲ್ಲಿ ಆಡಿದ್ದು ನಡೆಯುವುದಿಲ್ಲ. ಬಾಯಿಬಿಟ್ಟು ಹೇಳಿ.’

ಅಷ್ಟರಲ್ಲಿ ಅವನು ಬಂದ, ಕೈಯಲ್ಲಿ ಬೀಗದ ಕೈ ಹಿಡಿದು. ಮೇಲಿನ ರೂಮಿನದು, ದೊಡ್ಡವರು ಕೊಟ್ಟಿದ್ದಾರೆ, ಅಲ್ಲಿ ಗಲಾಟೆ ಇರಲ್ಲ ಎನ್ನುತ್ತಿದ್ದವನು ಅವಳ ಕೈಲಿದ್ದ ಚೀಟಿ ಕಂಡು ಅಲ್ಲೇ ನಿಂತ. ಅಕ್ಕನ ಟೈಪಿಂಗ್ ಸದ್ದೂ ನಿಂತಿತು.

‘ಬಾಯಿಬಿಟ್ಟು ಹೇಳಬೇಕಂತೆ,’ ಅಂದಳು ಅವಳು.

ಅವನು ಹೇಳಿಯೇಬಿಟ್ಟ: ‘ನೀವಿಲ್ಲದಿದ್ರೆ ಈ ಮೇಜು ನನಗೆ ತುಂಬಾ ದೊಡ್ಡದಾಗುತ್ತೆ.’ ಆದರೂ ಬೀಗದ ಕೈ ಚಾಚಿದ. ‘ನೀವು ಕೇಳಿದ್ದು ಇದನ್ನ. ತಗೊಳ್ಳಿ.’

ಅವಳು ಡ್ರಾಯರನ್ನು ಮೇಜಿಗೆ ತಿರುಗಿ ಕೂರಿಸಿ, ಒಳಕ್ಕೆ ತಳ್ಳಿದಳು.

‘ಬೇಡ. ನಾನು ಹೋಗಲ್ಲ.’