ಮುಳ್ಳುಗುಬ್ಬಿ ಬಿಡಿಸಿದ ಜೋಗುಳ

ಹಿಂದೆ ಹಿಂದೆ, ದೋಣಿಗಳಿಗೂ ದಾರಿ ಗೊತ್ತಿರದಷ್ಟು ದೂರದ ಕಡಲಿನಲ್ಲಿ, ಕಳ್ಳಿಗಿಡಗಳೇ ಕಾಡಾಗಿ ಬೆಳೆದ ಒಂದು ದ್ವೀಪರಾಜ್ಯವಿತ್ತು. ಬೇರೆಲ್ಲೂ ಕಾಣದ, ಗುಬ್ಬಿಯಂಥ ಒಂದು ಫಿಂಚ್ ಹಕ್ಕಿ ಅಲ್ಲಿತ್ತು. ಕೊಕ್ಕಿನಲ್ಲಿ ಕಳ್ಳಿಮುಳ್ಳು ಹಿಡಿದು ತೊಗಟೆಯೊಳಗಿನ ಹುಳ ಕೆದಕಿ ತೆಗೆಯುವ ಅದನ್ನು ಜನ ಮುಳ್ಳುಗುಬ್ಬಿ ಎನ್ನುತ್ತಿದ್ದರು. ದಿನಾ ಬೆಳಗ್ಗೆ ಹೊಸ್ತಿಲ ಮೇಲೆ ಅದಕ್ಕೊಂದು ಒಳ್ಳೆಯ ಮುಳ್ಳು ಇಡುವುದು ಅಲ್ಲಿನ ಪದ್ಧತಿ. ಕಾಳು ಹಾಕಿದರೆ ಹಕ್ಕಿ ಸೋಮಾರಿಯಾಗುತ್ತದೆಂದು ಅಜ್ಜಿಯರು ಬಯ್ಯುತ್ತಿದ್ದರು.

ಒಮ್ಮೆ ಜಡೆಮಲ್ಲನೆಂಬ ಮಾಂತ್ರಿಕ, ತನಗೆ ನಿದ್ದೆಯಿಲ್ಲವೆಂದು, ರಾಜ್ಯದ ಜೋಗುಳಗಳನ್ನೆಲ್ಲ ಕದ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ತಾಯಂದಿರು ಬಾಯಿ ತೆರೆದರೆ ಬರೀ ಗಾಳಿ. ರಾಜನೂ ಮೊಮ್ಮಗನನ್ನು ಹೊತ್ತು ಅಂಗಳ ಸುತ್ತಿ ಸೋತ.

ಉಪ್ಪು ಕಾಯಿಸುವ ಕೆಂಚವ್ವನ ಕೂಸು ಎಂಟು ದಿನ ನಿದ್ದೆಗೆಟ್ಟು ಹಾಲನ್ನೂ ಬಿಟ್ಟಿತು. ತೀರಿಹೋದ ಅವ್ವನಿಂದ ಕೆಂಚವ್ವನಿಗೆ ಉಳಿದಿದ್ದೂ ಅವಳು ಹಾಡುತ್ತಿದ್ದ ಜೋಗುಳವೊಂದೇ. ಅವಳು ಕೂಸನ್ನು ಬೆನ್ನಿಗೆ ಕಟ್ಟಿ, ಮುಡಿಗೊಂದು ಮುಳ್ಳು ಸಿಕ್ಕಿಸಿ, ಜಡೆಮಲ್ಲನಿದ್ದ ಬೆಂಕಿಬೆಟ್ಟ ಹತ್ತಿದಳು. ಮುಳ್ಳಿನ ಆಸೆಗೆ ಗುಬ್ಬಿಯೂ ಹಿಂದೆ ಹೋಯಿತು.

ಗುಡ್ಡದಂಥ ಆಮೆ ದಾರಿಗಡ್ಡ ಮಲಗಿತ್ತು. ಕುತ್ತಿಗೆಗೆ ಕಚ್ಚಿಕೊಂಡ ಉಣ್ಣಿ ತೆಗೆದರೆ ಸರಿಯುತ್ತೇನೆಂದಿತು. ಗುಬ್ಬಿ ಮುಳ್ಳು ಹಿಡಿಯಿತು, ಉಣ್ಣಿ ತೆಗೆಯಿತು, ಆಮೆ ಸರಿಯಿತು.

ಮುಂದೆ ಕಪ್ಪು ಓತಿಕ್ಯಾತ, ಮನೆಯಷ್ಟು ದೊಡ್ಡದು, ಕಣ್ಣಿಗೆ ಉಪ್ಪು ಕಟ್ಟಿ ಬುಸುಗುಡುತ್ತಿತ್ತು. ಗುಬ್ಬಿ ಮುಳ್ಳು ಹಿಡಿಯಿತು, ಉಪ್ಪು ಕೆರೆಯಿತು, ಓತಿ ಸರಿಯಿತು.

ಬೆಟ್ಟದ ತುದಿಯಲ್ಲಿ ಜಡೆಮಲ್ಲ ಪೆಟ್ಟಿಗೆಗೆ ಕಿವಿಯಿಟ್ಟು ಕೂತಿದ್ದ. ಬೀಗದ ಕಿಂಡಿ ಕೂದಲೆಳೆಯಷ್ಟು ಸಣ್ಣದು. ಗುಬ್ಬಿಯನ್ನು ಕಂಡವನೇ ಬಂಗಾರದ ಬಟ್ಟಲಲ್ಲಿ ಕಾಳು ಸುರಿದ. ಹೊಸ್ತಿಲಲ್ಲಿ ಎಂದೂ ಕಾಳು ಕಾಣದ ಹಕ್ಕಿ ಅತ್ತ ತಿರುಗಲೂ ಇಲ್ಲ.

"ಬೀಗ ಹಾಕಿದ ಜೋಗುಳ ಹಾಡುತ್ತದೇನೋ ಪೆದ್ದ? ಕೇಳಿದ್ದರೆ ನಾನೇ ಹಾಡುತ್ತಿದ್ದೆನಲ್ಲ," ಎಂದಳು ಕೆಂಚವ್ವ.

"ನನಗೆ ಯಾರೂ ಹಾಡಿರಲಿಲ್ಲ. ಕೇಳಬಹುದೆಂದು ಗೊತ್ತಿರಲಿಲ್ಲ," ಎಂದ ಅವನು.

ಗುಬ್ಬಿ ಮುಳ್ಳು ಹಿಡಿಯಿತು, ಕಿಂಡಿ ಕೆದಕಿತು, ಬೀಗ ಬಿಚ್ಚಿತು. ಜೋಗುಳಗಳು ಹಾರಿ ಮನೆಮನೆ ಸೇರಿದವು. ಮೊದಲನೆಯದು ಕಿವಿಗೆ ಬಿದ್ದಾಗಲೇ ಜಡೆಮಲ್ಲ ಮಲಗಿದವನು ಇಂದಿಗೂ ಎದ್ದಿಲ್ಲ. ಬೆಂಕಿಬೆಟ್ಟದಲ್ಲಿ ಗುಡುಗಿನಂತೆ ಕೇಳುವುದು ಅವನ ಗೊರಕೆಯೇ.

ಕೆಂಚವ್ವನ ಜೋಗುಳ ಕೊನೆಗೆ ಬಂತು. ಅವ್ವನ ಅದೇ ಒಡಕು ದನಿ, ಅದೇ ಕೆಮ್ಮು, ನಡುವೆ ಅವ್ವ ಸೇರಿಸುತ್ತಿದ್ದ "ಮಲಗೇ ಮಾರಿ, ನನಗೂ ನಡ ನೋಯುತ್ತದೆ" ಎಂಬ ಬೈಗುಳ ಕೂಡ. ಅವಳು ಅಳುತ್ತಾ ಹಾಡಿದಳು, ಬೈಗುಳವನ್ನೂ ಬಿಡಲಿಲ್ಲ. ಕೂಸು ಆಕಳಿಸಿ ಕಣ್ಣು ಮುಚ್ಚಿತು.

ಅಂದಿನಿಂದ ಆ ರಾಜ್ಯದ ಕೂಸುಗಳೆಲ್ಲ ಸುಖವಾಗಿ ಮಲಗಿದವು, ತಾಯಂದಿರು ಅದಕ್ಕಿಂತ ಸುಖವಾಗಿ ಮಲಗಿದರು.