ಅಮ್ಮನ ಹಾಡಿನ ಹಿಂದಿದ್ದ ಪಿಸುದನಿ

“ನಮ್ಮ ಅಮ್ಮನನ್ನ ಏನು ಮಾಡಿದಿರಿ ನೀವು?”

ಬಾನುಲಿ ನಿಲಯದ ಧ್ವನಿ ಕೋಣೆಯ ಬಾಗಿಲು ತಳ್ಳಿಕೊಂಡು ಬಂದವಳು ಆಡಿದ ಮೊದಲ ಮಾತೇ ಅದು. ಒಳಗೆ ಕುಳಿತಿದ್ದ ತಂತ್ರಜ್ಞ ಹೆಡ್‌ಫೋನ್ ಕಳಚಿ, ಕಕ್ಕಾಬಿಕ್ಕಿಯಾಗಿ ಎದ್ದು ನಿಂತ. ನಿಲಯದವರು ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ‘ಊಟ ಆಯ್ತಾ’ ಎಂದರೂ ಯೋಚಿಸಿ ಉತ್ತರಿಸುವ ಮನುಷ್ಯ... ಇಂಥ ಪ್ರಶ್ನೆಗೆ ಎಲ್ಲಿಂದ ಮಾತು ತಂದಾನು?

“ಯಾರ ಅಮ್ಮ?” ಎಂದಷ್ಟೇ ಕೇಳಿದ.

ಅವಳು ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು.

ಹೆಂಗಸೊಬ್ಬಳ ಹಾಡು. ಜೋಗುಳದಂಥ ನಿಧಾನದ ರಾಗ. ಆದರೆ ದನಿ ಬಾವಿಯ ತಳದಿಂದ ಬಂದಂತಿತ್ತು. ಅದರ ಹಿಂದೆ ಮತ್ತಾರೋ ಪಿಸುಗುಟ್ಟುತ್ತಿದ್ದರು. ಮಾತೂ ಅಲ್ಲ, ಉಸಿರೂ ಅಲ್ಲ. ಕಿವಿಯ ಹತ್ತಿರ ಬಂದು, ಹಿಡಿಯಹೋದರೆ ಇಲ್ಲವಾಗುವ ಸದ್ದು.

“ಕೇಳಿಸ್ತಾ? ಮೊದಲು ಇದು ಹೀಗಿರಲಿಲ್ಲ. ವರ್ಷ ವರ್ಷಕ್ಕೂ ಅಮ್ಮ ದೂರ ಹೋಗ್ತಿದ್ದಾಳೆ, ಅದು ಹತ್ತಿರ ಬರ್ತಿದೆ...” ಅವಳು ಫೋನನ್ನು ಅವನತ್ತ ತಳ್ಳಿದಳು. “ಇದನ್ನ ನಮ್ಮ ಮನೆಗೆ ಕೊಟ್ಟವರು ನೀವೇ. ಏನಾಗಿದೆ ಇದಕ್ಕೆ, ಹೇಳಿ.”

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಅವಳ ತಾಯಿ ಈ ನಿಲಯದಲ್ಲಿ ಹಾಡುತ್ತಿದ್ದಳು. ಮಗಳಿಗೆ ಬುದ್ಧಿ ತಿಳಿಯುವ ಮೊದಲೇ ಕಾಯಿಲೆ ಬಿದ್ದು ತೀರಿಕೊಂಡಳು. ಸಾಕಿದ್ದು ಚಿಕ್ಕಮ್ಮ. ಅಮ್ಮನದು ಅಂತ ಉಳಿದದ್ದು ಈ ಒಂದು ಹಾಡು.

“ನಿನ್ನನ್ನ ನನ್ನ ಮಡಿಲಿಗೆ ಹಾಕಿ ಹಾಡೋಕೆ ಓಡ್ತಿದ್ದಳು ನಮ್ಮಕ್ಕ” ಎಂದು ಚಿಕ್ಕಮ್ಮ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. ನನ್ನನ್ನು ಬಿಟ್ಟು ಹೋಗುವುದು ಅಮ್ಮನಿಗೆ ಮೊದಲಿಂದಲೂ ಅಭ್ಯಾಸವೇ ಏನು? ಈಗ ಈ ಹಾಡೂ ಬಿಟ್ಟು ಹೋಗುತ್ತಿದೆಯಲ್ಲ...

ಮೌನಿ ಹಾಡನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. ಪರದೆಯ ಮೇಲೆ ದನಿಯ ಚಿತ್ರ ಮೂಡಿತು. ಅದನ್ನು ನೋಡುತ್ತಿದ್ದಂತೆ ಅವನ ಹುಬ್ಬು ಗಂಟಿಕ್ಕಿತು. “ನೀವು ಇದನ್ನ...” ಎಂದು ಶುರು ಮಾಡಿದವನು, ಅವಳ ಮುಖ ನೋಡಿ ನಿಲ್ಲಿಸಿದ.

“ತಪ್ಪು ನಮ್ಮದೇ” ಎಂದ. “ನಾನು ಕೆಲಸಕ್ಕೆ ಸೇರಿದ ಹೊಸತು. ಹಳೇ ಹಾಡುಗಳೆಲ್ಲ ಇದ್ದ ಫಾರ್ಮ್ಯಾಟಿಗೆ, ಅಂದರೆ ಹಾಡನ್ನ ಕಂಪ್ಯೂಟರಲ್ಲಿ ಇಡೋ ವಿಧಾನಕ್ಕೆ, ಬೇರೆ ಯಾವುದೋ ಕಂಪನಿಯ ಪೇಟೆಂಟ್ ಇತ್ತು. ನಾಳೆ ಯಾರಾದರೂ ಶುಲ್ಕ ಕೇಳಿದರೆ ನಿಲಯಾನೇ ಮುಚ್ಚಬೇಕಾಗುತ್ತೆ ಅಂತ ಮೇಲಿನವರು ಹೆದರಿದರು. ಎಲ್ಲವನ್ನೂ ಪೇಟೆಂಟ್ ಇಲ್ಲದ ಫಾರ್ಮ್ಯಾಟಿಗೆ ತಿರುಗಿಸು, ಹಳೇದನ್ನ ಅಳಿಸು ಅಂದರು. ತಿರುಗಿಸಿದವನು ನಾನೇ.”

“ಅದರಿಂದ ದನಿ ಹಾಳಾಗುತ್ತಾ?”

“ಇವು ಹಾಡನ್ನ ಚಿಕ್ಕದು ಮಾಡೋದೇ ಹಾಗೆ. ದೊಡ್ಡ ದನಿಯ ಅಡಿಯಲ್ಲಿರೋ ಸಣ್ಣ ದನಿ ಹೇಗೂ ಕೇಳಿಸಲ್ಲ ಅಂತ ಎಸೆದುಬಿಡುತ್ತವೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸಿದಾಗಲೆಲ್ಲ ಇನ್ನಷ್ಟು ಹೋಗುತ್ತೆ. ಹೋದದ್ದು ವಾಪಸ್ ಬರಲ್ಲ.”

“ನಮ್ಮ ಗಾಜಿನ ಹಾಗೆ” ಎಂದಳು ಅವಳು ಮೆಲ್ಲಗೆ. “ಉಜ್ಜಿದ್ದು ಉಜ್ಜಿದ್ದೇ.”

“ನಿಲಯದ ಡಿಸ್ಕೂ ಆಮೇಲೆ ಕೆಟ್ಟುಹೋಯಿತು. ಹಾಡಿದವರ ಮನೆಗೆ ಕೊಟ್ಟ ಪ್ರತಿಗಳಷ್ಟೇ ಉಳಿದಿರೋದು. ಆದಷ್ಟು ಸರಿ ಮಾಡ್ತೀನಿ. ಬಿಡುವಾದಾಗ ಬನ್ನಿ.”

ಬಿಡುವು ಮಾಡಿಕೊಂಡೇ ಬಂದಳು. ಮಧ್ಯಾಹ್ನ ಅಂಗಡಿ ಬಾಗಿಲು ಎಳೆದು, ಊಟದ ಡಬ್ಬಿ ಹಿಡಿದು ಬಂದರೆ, ಧ್ವನಿ ಕೋಣೆಯಲ್ಲಿ ಅವಳಿಗಾಗಿ ಒಂದು ಕುರ್ಚಿ ಕಾದಿರುತ್ತಿತ್ತು. ಬೈಯಲು ಬಂದವಳು ಬಡಿಸತೊಡಗಿದ್ದು ಯಾವಾಗ ಎಂದು ಅವಳಿಗೂ ತಿಳಿಯಲಿಲ್ಲ.

“ಕನ್ನಡಕದವರೇ, ಇಲ್ಲಿ ನೋಡಿ” ಎಂದು ಅವನು ಚಿತ್ರ ಓದುವುದನ್ನು ಕಲಿಸಿದ. “ತಿರುಗಿಸಿದಾಗಲೆಲ್ಲ ಮೇಲಿನ ಅಂಚಿನಲ್ಲಿ ಒಂದು ಕಡಿತ ಬೀಳುತ್ತೆ. ಯಾರು ಎಲ್ಲಿ ಕತ್ತರಿಸಿದರು ಅಂತ ಅದೇ ಹೇಳುತ್ತೆ.” ಆದರೆ ಕಲಿಸಿದ್ದೆಲ್ಲ ಬೇರೆ ಹಾಡುಗಳ ಮೇಲೆ. ಅಮ್ಮನ ಹಾಡಿನ ಚಿತ್ರವನ್ನು ಮಾತ್ರ ಅವಳು ಬಂದೊಡನೆ ಮುಚ್ಚಿಬಿಡುತ್ತಿದ್ದ.

ಒಂದು ದಿನ ಅವನು ಚಹಾ ತರಲು ಹೋಗಿದ್ದ. ಚಿತ್ರ ತೆರೆದೇ ಇತ್ತು.

ಅವಳು ನೋಡಿದಳು. ನಿಲಯದ ಕಡಿತ ಒಂದು. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೂ ಒಂದು... ಅವೆರಡು ನಿಲಯದವಲ್ಲ.

ನಿಲಯದವರು ಕೊಟ್ಟದ್ದು ತನ್ನ ಮೊದಲ ಫೋನಿನಲ್ಲಿ ಹಾಡಿರಲಿಲ್ಲ. ಬೇರೆ ಫಾರ್ಮ್ಯಾಟಿಗೆ ತಿರುಗಿಸಿಕೊಂಡಿದ್ದಳು. ಫೋನ್ ಬದಲಾದಾಗ ಮತ್ತೆ ತಿರುಗಿಸಿದಳು. ಪ್ರತಿ ಸಲವೂ ಗುಣಮಟ್ಟದ ಜಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆಯನ್ನೇ ಒತ್ತಿದ್ದಳು. ದೊಡ್ಡದು ಒತ್ತಿದರೆ ಅಮ್ಮ ಇನ್ನೂ ಚೆನ್ನಾಗಿ ಕೇಳಿಸುತ್ತಾಳೆ ಎಂಬ ಆಸೆ. ಹೊಸದು ಬಂತಲ್ಲ ಎಂದು ಹಳೆಯದನ್ನು ಅಳಿಸಿದ್ದೂ ಇವೇ ಕೈಗಳು.

ಅಮ್ಮನನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ್ದು ನಾನೇ...

ಚಹಾ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

“ಮೊದಲ ದಿನವೇ ಗೊತ್ತಿತ್ತಲ್ಲ ನಿಮಗೆ?”

“...ಗೊತ್ತಿತ್ತು.”

“ಮತ್ತೆ ಯಾಕೆ ಎಲ್ಲಾ ನಿಮ್ಮ ತಲೆ ಮೇಲೆ ಹಾಕಿಕೊಂಡಿರಿ? ತಾಯಿಯಿಲ್ಲದವಳು, ಪಾಪ ಅಂತಲಾ? ನಾನಿಲ್ಲಿ ದಿನಾ ಬಂದು ಕೂತಿದ್ದು ನಿಮ್ಮ ಕನಿಕರ ತಿನ್ನೋಕಾ?”

ಅವನು ಬಾಯಿ ತೆರೆದ. ಎಂದಿನಂತೆ ಮಾತು ತಡವಾಯಿತು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು. ಊಟದ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಅವನು ಫೋನ್ ಮಾಡಲಿಲ್ಲ. ಪೀಡೆ ತೊಲಗಿತು ಅಂದುಕೊಂಡಿರಬೇಕು, ಎಂದುಕೊಂಡಳು. ಅಂದುಕೊಂಡಷ್ಟೂ ಅಳು ಬಂತು. ಅಂಗಡಿಯ ಯಂತ್ರ ಗಾಜು ಉಜ್ಜುವ ಸದ್ದಿನಲ್ಲೂ ಆ ಪಿಸುದನಿ ಕೇಳಿಸುತ್ತಿತ್ತು. ನೀರು ಕಾಯುವಾಗ, ಫ್ಯಾನು ತಿರುಗುವಾಗ, ಎಲ್ಲೆಲ್ಲೂ ಅದೇ. ನೀನೇ, ನೀನೇ ಎನ್ನುತ್ತಿದೆಯೇ ಅದು?

“ಇನ್ನು ಅದನ್ನ ಕೇಳಬೇಡ ಮಗಳೇ” ಎಂದರು ಚಿಕ್ಕಮ್ಮ. “ಸತ್ತವರನ್ನ ಇಷ್ಟೊಂದು ಕರೀಬಾರದು.”

“ನಾನು ಅಮ್ಮನನ್ನ ಕರೆದದ್ದಲ್ಲ ಚಿಕ್ಕಮ್ಮ. ಕಳೆದದ್ದು” ಎಂದಳು ಅವಳು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿಯ ಗಾಜಿನ ಬಾಗಿಲಾಚೆ ಮೌನಿ ನಿಂತಿದ್ದ. ಒಂದು ಕೈಯಲ್ಲಿ ತೊಳೆದ ಊಟದ ಡಬ್ಬಿ, ಇನ್ನೊಂದರಲ್ಲಿ ಹೆಡ್‌ಫೋನ್. ತಲೆಗೂದಲಲ್ಲಿ ಧೂಳು. ಅಟ್ಟ ಹತ್ತಿ ಇಳಿದವನಂತಿದ್ದ.

“ಕನಿಕರ ಅಲ್ಲ” ಎಂದ. ಆ ಎರಡು ಪದಗಳನ್ನು ವಾರವಿಡೀ ಹೊತ್ತು ತಂದವನಂತೆ. “ನಿಜ ಹೇಳಿದ್ದರೆ ನೀವು ನಿಮ್ಮನ್ನ ಬೈಕೋತಿದ್ದಿರಿ. ನನ್ನನ್ನ ಬೈದರೆ ನಾನು ತಡ್ಕೋತೀನಿ. ನಿಮ್ಮನ್ನ ನೀವು ಬೈಕೊಳ್ಳೋದು ನನ್ನ ಕೈಲಿ ನೋಡೋಕಾಗಲ್ಲ... ಅಷ್ಟೇ.”

ಹಾಡು, ಫಾರ್ಮ್ಯಾಟು ಬಿಟ್ಟು ಇಷ್ಟು ಉದ್ದದ ಮಾತು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

“ಫೋನಾದರೂ ಮಾಡಬಹುದಿತ್ತು.”

“ಹುಡುಕ್ತಾ ಇದ್ದೆ. ಸಿಗುತ್ತೋ ಇಲ್ಲವೋ ಗೊತ್ತಿರಲಿಲ್ಲ. ಆಸೆ ಹುಟ್ಟಿಸಿ ಕೈಕೊಡೋದು ಬೇಡ ಅನ್ನಿಸ್ತು.” ಅವನು ಹೆಡ್‌ಫೋನ್ ಮುಂದೆ ಚಾಚಿದ. “ಆಗ ಹಾಡುಗಳನ್ನ ತಿರುಗಿಸೋ ಮೊದಲು, ಯಾವ ಹೊಸ ಫಾರ್ಮ್ಯಾಟ್ ಒಳ್ಳೇದು ಅಂತ ಪರೀಕ್ಷೆ ಮಾಡೋಕೆ, ಮೂಲ ಹಾಡುಗಳಿಂದ ಉಳಿಸೋಕೆ ಕಷ್ಟದ ತುಂಡುಗಳನ್ನ ಕತ್ತರಿಸಿ, ನನ್ನ ಸ್ವಂತ ಡಿಸ್ಕಲ್ಲಿ ಮನೇಲಿ ಇಟ್ಟುಕೊಂಡಿದ್ದೆ. ಅದರಲ್ಲೊಂದು ಇದು. ಯಾವ ಹಾಡಿಂದ ತೆಗೆದದ್ದು ಅಂತ ಮರೆತೇ ಹೋಗಿತ್ತು. ನಿಮ್ಮ ಪಿಸುದನಿ ಕೇಳಿದ ಮೇಲೆ ಅನುಮಾನ ಬಂತು.”

ಅವಳು ಹೆಡ್‌ಫೋನ್ ಹಾಕಿಕೊಂಡಳು.

ಅಮ್ಮ... ಬಾವಿಯ ತಳದಿಂದಲ್ಲ, ಪಕ್ಕದಲ್ಲೇ ಕುಳಿತು ಹಾಡುತ್ತಿದ್ದಳು. ತುಟಿ ತೆರೆದದ್ದು, ಉಸಿರು ಎಳೆದದ್ದು, ಎಲ್ಲ ಕೇಳಿಸಿತು. ಅಮ್ಮನ ದನಿಯ ಅಡಿಯಲ್ಲಿ, ಅರ್ಧ ಸಾಲು ಹಿಂದೆ, ತೊದಲುತ್ತಾ ಒಂದು ಮಗು ಹಾಡುತ್ತಿತ್ತು. ಸಾಲಿನ ನಡುವೆ ಅಮ್ಮನಿಗೆ ನಗು ಬಂತು. “ಮಡಿಲಲ್ಲಿ ಸುಮ್ಮನೆ ಕೂರು ಅಂದರೆ ಕೇಳಲ್ವಲ್ಲ ನೀನು... ಸರಿ, ಹಾಡು ಕಂದ” ಎಂದಳು. ತುಂಡು ಅಲ್ಲಿಗೆ ಮುಗಿಯಿತು.

ಅಮ್ಮ ಬಿಟ್ಟು ಹೋಗಿರಲಿಲ್ಲ. ಒಂದು ದಿನವಾದರೂ ಕರೆದುಕೊಂಡು ಹೋಗಿದ್ದಳು, ಮಡಿಲಲ್ಲಿ ಕೂರಿಸಿಕೊಂಡು ಹಾಡಿದ್ದಳು!

ಕನ್ನಡಕಗಳ ಸಾಲಿನ ನಡುವೆ ನಿಂತು ಅವಳು ಮನಸಾರೆ ಅತ್ತಳು. ಅವನು ಗಾಜು ಒರೆಸುವ ಮೆತ್ತನೆಯ ಬಟ್ಟೆಯನ್ನು ಅವಳ ಕೈಗಿಟ್ಟ.

“ಅಂದರೆ... ನನ್ನನ್ನ ಹೆದರಿಸಿದ ಆ ಪಿಸುದನಿಯ ದೆವ್ವ ನಾನೇನಾ?”

“ಹೂಂ. ದೊಡ್ಡ ದನಿಯ ಅಡಿಯ ಸಣ್ಣ ದನಿ. ಎಲ್ಲಾ ಫಾರ್ಮ್ಯಾಟೂ ಮೊದಲು ಎಸೆಯೋದು ಅದನ್ನೇ. ನೀವು ಕೇಳಿದ್ದು ಅಳಿದುಳಿದ ಚೂರುಗಳನ್ನ. ಅಮ್ಮನ ದನಿ ಸವೆದಷ್ಟೂ ಅವು ಹತ್ತಿರ ಬಂದ ಹಾಗೆ ಕೇಳಿಸ್ತವೆ.” ಅವನು ತಲೆ ತಗ್ಗಿಸಿದ. “ನಾನು ಕೊನೆಗೆ ಆರಿಸಿದ್ದು ಆ ಮಗು ಎಲ್ಲಕ್ಕಿಂತ ಹೆಚ್ಚು ಉಳಿಯೋ ಫಾರ್ಮ್ಯಾಟನ್ನೇ. ಅಮ್ಮ ಹೇಗೂ ಕೇಳಿಸ್ತಾರೆ, ಮಗು ಕಳೆದುಹೋಗಬಾರದು ಅಂತ... ಯಾರ ಮಗು ಅಂತ ಗೊತ್ತಿರಲಿಲ್ಲ.”

ಅವಳು ಹೆಡ್‌ಫೋನ್ ಕಳಚಿ ಮೆಲ್ಲಗೆ ಅವನ ಕೈಗಿಟ್ಟಳು.

“ಇದನ್ನ ನಿಮ್ಮ ಫೋನಿಗೆ ಹಾಕಿಕೊಡಲಾ?” ಎಂದು ಅವನು ಕೇಳಿದ.

“ಬೇಡಪ್ಪ. ನನ್ನ ಕೈ ಗೊತ್ತಲ್ಲ ನಿಮಗೆ. ನಿಮ್ಮ ಹತ್ತಿರಾನೇ ಇರಲಿ. ಕೇಳಬೇಕು ಅನ್ನಿಸಿದಾಗ ಬರ್ತೀನಿ.”

“ದಿನಾ ಅನ್ನಿಸಿದರೆ?”

“ದಿನಾ ಬರ್ತೀನಿ.”

ಅವನು ಮತ್ತೆ ಯೋಚಿಸಿದ. ಈ ಸಲ ಅವಳು ಕಾದಳು.

“ಬಂದವರು... ವಾಪಸ್ ಹೋಗದೆ ಇದ್ದುಬಿಡಿ ಅಂತ ನಾನಂದರೆ?”

“ದೆವ್ವವನ್ನ ಮನೆಗೆ ಕರೀತಿದ್ದೀರಿ. ಹೆದರಿಕೆ ಇಲ್ವಾ?”

“ಎಷ್ಟೋ ವರ್ಷದಿಂದ ಜೊತೆಯಲ್ಲೇ ಇಟ್ಟುಕೊಂಡಿದ್ದೀನಿ” ಎಂದ ಮೌನಿ.