ಹಿಡಿಯಿಲ್ಲದ ಬುಟ್ಟಿ

ನಾನು ಎರಡನೇ ಮೇಜಿಗೆ ಏರಿದ ದಿನವೇ ಅವನು ಮೂರನೇ ಮೇಜಿನಿಂದ ಇಳಿದು ಬಂದು ನನ್ನ ಪಕ್ಕ ಕೂತ. ನನಗೋಸ್ಕರವೇ ಬಂದಿದ್ದಾನೆ ಅಂದುಕೊಂಡೆ. ಅಷ್ಟು ಜಂಭ ನನಗೆ!

ನಮ್ಮ ಬುಟ್ಟಿ ಹೆಣೆಯುವ ಕ್ಲಾಸಿನಲ್ಲಿ ಮೂರು ಮೇಜು. ಮೊದಲನೆಯದರಲ್ಲಿ ಹೊಸಬರು ಹಿಡಿಯಿಲ್ಲದ ಸಣ್ಣ ಬುಟ್ಟಿ ಹೆಣೆಯುತ್ತಾರೆ. ಎರಡನೆಯದರಲ್ಲಿ ಮುಚ್ಚಳದ ಬುಟ್ಟಿ. ಮೂರನೆಯದರಲ್ಲಿ ಬಣ್ಣದ ಚಿತ್ತಾರ, ಗಟ್ಟಿ ಹಿಡಿ. ಆಯಾ ಮೇಜಿನ ನಮೂನೆಯ ಹಾಳೆ ಗೋಡೆಗೆ ಅಂಟಿಸಿದೆ. ಯಾರು ಎಲ್ಲಿ ಕೂರಬೇಕೆಂದು ಹೇಳುವವರು ಕಲಿಸುವ ದೊಡ್ಡಕ್ಕ. ಅಲ್ಲಿ ಏರಿದವರನ್ನು ಕಂಡಿದ್ದೆವು, ಇಳಿದವರನ್ನು ಕಂಡಿರಲಿಲ್ಲ. ಅದೂ ಇವನು! ಕೈಚಳಕ ನೋಡಿ ಎಲ್ಲರೂ ಮಾಸ್ಟರ್ ಎಂದು ಕರೆಯುತ್ತಿದ್ದವನು.

“ದಾರಿ ತಪ್ಪಿ ಬಂದ್ರಾ ಮಾಸ್ಟರ್?” ಅಂದೆ.

“ಇಲ್ಲಿ ಬೆಳಕು ಚೆನ್ನಾಗಿದೆ.”

ಕಿಟಕಿ ಇದ್ದದ್ದು ಮೂರನೇ ಮೇಜಿನ ಹತ್ತಿರ. ನನ್ನ ಕೆನ್ನೆ ಬಿಸಿಯಾಯಿತು.

ನೆನೆಸಿದ ಬೆತ್ತದ ನೀರು ನನ್ನ ತೋಳಿನ ಮೇಲೆ ಹರಿಯುತ್ತಿತ್ತು. ಅವನು ಕಣ್ಣು ಕೀಳದೆ ನೋಡುತ್ತಿದ್ದ.

“ಬುಟ್ಟಿ ನೋಡ್ತಿದೀರೋ, ನನ್ನ ಕೈ ನೋಡ್ತಿದೀರೋ?”

“ಕೈ,” ಅಂದ. ಆ ಒಂದು ಮಾತಿಗೆ ನಾನು ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಒಂದು ಸಂಜೆ, ಅಂಚು ಬಿಗಿಯಲು ಬರದೆ, “ಸ್ವಲ್ಪ ಎಳೆದುಕೊಡಿ” ಅಂದೆ. ಅವನು ಎಳೆ ಹಿಡಿದ. ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಮೆಲ್ಲಗೆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

“ನರದ ಕಾಯಿಲೆ. ಮೊದಲು ಬೆರಳು, ಆಮೇಲೆ ತೋಳು, ಕೊನೆಗೆ ಉಸಿರು. ಡಾಕ್ಟರ್ ಏನೂ ಮುಚ್ಚಿಡ್ಲಿಲ್ಲ. ನಾನೇ ದೊಡ್ಡಕ್ಕನಿಗೆ ಹೇಳಿ ಇಳಿದು ಬಂದೆ. ಇನ್ನು ಮೊದಲ ಮೇಜು. ಅದೂ ಆಗದಿದ್ರೆ ಬರೋದು ನಿಲ್ಲಿಸ್ತೀನಿ.”

ಅವನು ನನ್ನ ಕೈ ನೋಡುತ್ತಿದ್ದುದು ಯಾಕೆಂದು ಆಗ ತಿಳಿಯಿತು. ನನ್ನ ಬೆರಳುಗಳು ಹೇಳಿದಂತೆ ಮಡಚುತ್ತಿದ್ದವು, ಬಿಗಿಯುತ್ತಿದ್ದವು. ನನ್ನ ಜಂಭಕ್ಕೆ ಬೆಂಕಿ ಬಿತ್ತು. ಆದರೆ ಪ್ರೀತಿ ಮಾತ್ರ ಹಾಗೇ ಉಳಿಯಿತು.

ನನ್ನ ಬುಟ್ಟಿ ಮುಗಿಯುತ್ತಾ ಬಂದಿತ್ತು. ಮುಗಿದರೆ ನಾನು ಮೇಲಕ್ಕೆ, ಅವನು ಕೆಳಕ್ಕೆ. ಅದಕ್ಕೆ ಎಲ್ಲ ಬಿಚ್ಚಿ, ತಳದ ಕಡ್ಡಿಗಳನ್ನು ಬೇಕೆಂದೇ ಸರಿಸಂಖ್ಯೆಯಲ್ಲಿ ಜೋಡಿಸಿದೆ. ಒಂಟಿ ಎಳೆಯಲ್ಲಿ ಹೆಣೆಯುವಾಗ ಕಡ್ಡಿಗಳು ಬೆಸವಾಗಿರಬೇಕು. ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಎಳೆ ಅದೇ ಕಡ್ಡಿಗಳ ಹಿಂದೆ ಹೋಗುತ್ತದೆ, ಹೆಣಿಗೆ ನಿಲ್ಲುವುದಿಲ್ಲ. ಇದು ಮೊದಲ ದಿನದ ಪಾಠ.

ಅವನು ಕಡ್ಡಿ ಎಣಿಸಿದ. “ಮರ್ತುಹೋಯ್ತಾ?”

“ಹೂಂ.”

“ಸುಳ್ಳು. ನನ್ನ ಕೈಗೆ ಆಗ್ತಿಲ್ಲ ಅಂತ ನಾನು ಇಳೀತಿದೀನಿ. ಆಗೋ ಕೈಯನ್ನ ನೀವು ನನ್ನೆದುರಿಗೇ ಹಾಳು ಮಾಡ್ತೀರಾ? ನಿಮ್ಮ ಕನಿಕರ ಯಾರಿಗೆ ಬೇಕು?”

“ಕನಿಕರ ಅಲ್ಲ ಕಣೋ, ಪ್ರೀತಿ!”

ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಮೊದಲ ಮೇಜಿನ ಅತ್ತೆ ಸೊಸೆ ಇಬ್ಬರೂ ಬೆತ್ತ ಕೈಬಿಟ್ಟು ತಿರುಗಿದರು. ದೊಡ್ಡಕ್ಕ, ಬೆತ್ತ ನೆನೆಸುವ ತೊಟ್ಟಿ ತುಂಬಿದ್ದರೂ ಅದಕ್ಕೇ ಮತ್ತೆ ನೀರು ಸುರಿಯತೊಡಗಿದರು.

“ಬಿಚ್ಚು,” ಅಂದ ಅವನು, ಸಣ್ಣ ದನಿಯಲ್ಲಿ. “ಸರಿಯಾಗಿ ಹೆಣಿ.”

ಅತ್ತುಕೊಂಡೇ ಬಿಚ್ಚಿದೆ, ಅತ್ತುಕೊಂಡೇ ಹೆಣೆದೆ. ಕಿಟಕಿಯ ಹತ್ತಿರದ ಮೇಜು ನನ್ನದಾಯಿತು.

ಅವನ ಕೊನೆಯ ಬುಟ್ಟಿ ಮೊದಲ ಮೇಜಿನದು. ಹೊಸಬರು ಒಂದು ಮಧ್ಯಾಹ್ನದಲ್ಲಿ ಮುಗಿಸುವುದಕ್ಕೆ ಅವನಿಗೆ ಇಡೀ ಚಳಿಗಾಲ ಹಿಡಿಯಿತು. ಒಂದು ಕಡೆ ವಾಲಿತ್ತು, ಅಂಚು ಸಡಿಲ.

“ಇದನ್ನ ಸ್ವಲ್ಪ ಬಿಗಿ ಮಾಡ್ಕೊಡು,” ಅಂದ.

“ಮಾಡಲ್ಲ. ಹೀಗೇ ಇರಲಿ. ನನಗೆ ಕೊಡು.”

“ತಗೊಂಡು ಏನ್ ಮಾಡ್ತೀಯ? ನಾಳೆ ಚಮಚ ಹಿಡಿಯೋಕೂ ನನಗೆ ಜನ ಬೇಕಾಗುತ್ತೆ. ಅದಾದ್ಮೇಲೆ ಇನ್ನೂ ಕಷ್ಟ. ಯೋಚನೆ ಮಾಡಿದೀಯಾ?”

“ಮಾಡಿದೀನಿ. ಭಯ ಆಗುತ್ತೆ. ಆದ್ರೂ ಕೊಡು.”

ಅವನು ಬುಟ್ಟಿಯನ್ನು ಮೊಣಕೈಯಿಂದ ನನ್ನ ಕಡೆ ತಳ್ಳಿದ. “ಹಿಡಿ ಕೂಡ ಇಲ್ಲ ಇದಕ್ಕೆ. ಹೇಗೆ ಎತ್ಕೊಂಡು ಹೋಗ್ತೀಯ?”

“ಎರಡೂ ಕೈಯಲ್ಲಿ.”

ನಾನು ಬುಟ್ಟಿ ಎತ್ತಿಕೊಂಡೆ. ನನ್ನ ಕೈ ಖಾಲಿಯಿಲ್ಲವೆಂದು ಅವನೇ ಮುಂದೆ ಬಂದು, ಭುಜದಿಂದ ಬಾಗಿಲು ತಳ್ಳಿ, ನಾನು ದಾಟುವವರೆಗೂ ಅದಕ್ಕೆ ಬೆನ್ನು ಕೊಟ್ಟು ನಿಂತ.

“ಯಾವ ಕಡೆ?” ಅಂದ.

“ನಿನ್ನ ಮನೆ ಯಾವ ಕಡೆಯೋ, ಆ ಕಡೆ.”